ಬ್ರಾಕೆಟ್ಟಿನೊಳಗಿನ ದುಃಖ

ಜೂನ್ ೬

ಅಕ್ಕನಿಗೆ ಕೀರ್ಲಿಯ ನಮಸ್ಕಾರ.

ಗಂಟಲು ಹೇಗಿದೆ? ಹೊಲಿಗೆ ಬಿಚ್ಚಿದರೆಂದು, ಗಾಯ ಒಣಗಿದೆಯೆಂದು, ಆದರೆ ಡಾಕ್ಟರು ಪಿಸುಮಾತನ್ನೂ ಆಡಕೂಡದು ಎಂದಿದ್ದಾರೆಂದು ಭಾವ ಫೋನಿನಲ್ಲಿ ಹೇಳಿದರು. ಹಾಗಾಗಿ ಈ ಕಾಗದ. ಮೆಸೇಜು ಕಳಿಸಿದರೆ ನೀನು ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುತ್ತೀಯ. ಕಾಗದಕ್ಕಾದರೆ ಹೆಬ್ಬೆಟ್ಟು ನಡೆಯುವುದಿಲ್ಲ.

ಒಂದು ವಿಷಯ ಇದೆ. ಬೇರೆ ಯಾರಾದರೂ ನಿನ್ನ ಕಿವಿಗೆ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ. ಸೀರಿಯಲ್ಲಿನ ಡಾಕ್ಟರಮ್ಮನಿಗೆ ಈಗ ನಾನು ದನಿ ಕೊಡುತ್ತಿದ್ದೇನೆ. ನೀನು ವಾಪಸು ಬರುವವರೆಗೆ ಮಾತ್ರ. ಡಬ್ಬಿಂಗ್ ಮಾಡಿಸುವ ನಮ್ಮ ಮೇಷ್ಟ್ರೇ ಕರೆಸಿದರು. "ನಿಮ್ಮಕ್ಕನ ದನಿಗೆ ಹತ್ತಿರ ಇರೋದು ನಿಂದೇ ಕಣಮ್ಮ. ಸೀರಿಯಲ್ ನಿಲ್ಸೋಕಾಗಲ್ಲ, ಡಾಕ್ಟರಮ್ಮನ್ನ ಮೂಗಿ ಮಾಡೋಕೂ ಆಗಲ್ಲ" ಅಂದರು. ಮೂಗಿ ಎಂಬ ಮಾತು ಬಾಯಿಂದ ಜಾರಿದ ಮೇಲೆ ಅವರಿಗೇ ಪೆಚ್ಚಾಗಿ, ಸುಮ್ಮನೆ ಕನ್ನಡಕ ಒರೆಸುತ್ತ ಕೂತರು. ನಾನು ಹೂಂ ಅಂದೆ.

ಇಲ್ಲಿಯವರೆಗೆ ನಾನು ಆಡಿದ್ದೆಲ್ಲ ಪಕ್ಕದಮನೆಯವಳು, ನರ್ಸು, ಇಲ್ಲವೇ ಗುಂಪಿನಲ್ಲಿ ಗಲಗಲ ಎನ್ನುವವಳು. ಅಂಥವರಿಗೆ ಯಾರೂ ಹೇಗೆ ಮಾತಾಡಬೇಕೆಂದು ಬರೆದಿರುವುದಿಲ್ಲ. ಡಾಕ್ಟರಮ್ಮನ ಸ್ಕ್ರಿಪ್ಟೇ ಬೇರೆ. ಗಂಡ ಸತ್ತವಳು, ಇದ್ದೊಬ್ಬ ಮಗಳು ದೂರ, ಊರವರ ಕಾಯಿಲೆಯನ್ನೆಲ್ಲ ನೋಡುತ್ತ ತನ್ನದನ್ನು ನುಂಗಿಕೊಂಡವಳು. ಅನುವಾದದವರು ಅವಳ ಮಾತನ್ನೆಲ್ಲ ಕನ್ನಡಕ್ಕೆ ತಂದು, ಬ್ರಾಕೆಟ್ಟಿನೊಳಗೆ ಇರುವುದನ್ನು ಮಾತ್ರ ಇಂಗ್ಲಿಷಿನಲ್ಲೇ ಬಿಟ್ಟಿದ್ದಾರೆ. ಸ್ಯಾಡ್ಲಿ. ಗ್ಲಮ್ಲಿ. ರೂಫುಲಿ. ವಿಸ್ಟ್‌ಫುಲಿ. ಮೋರ್ನ್‌ಫುಲಿ. ಪುಟಕ್ಕೊಂದು ಹೆಸರಿನಲ್ಲಿ ದುಃಖ ಬಂದು ಕೂತಿದೆ. ನನಗೋ ಎಲ್ಲದರ ಮುಖವೂ ಒಂದೇ ಥರ ಕಾಣುತ್ತದೆ.

ನೀನು ಇವನ್ನೆಲ್ಲ ಹೇಗೆ ಆಡುತ್ತಿದ್ದೆ? ಬಿಡುವಾದಾಗ ಬರೆ. ಅಮ್ಮನಿಗೆ ನನ್ನ ನೆನಪು ಹೇಳು. ಹೇಳು ಅನ್ನಬಾರದೇನೋ. ಭಾವನ ಕೈಲಿ ಹೇಳಿಸು.

ನಿನ್ನ ತಂಗಿ,
ಕೀರ್ಲಿ


ಜೂನ್ ೧೫

ಕೀರ್ಲಿಗೆ,

ನಾನು ಆರಾಮವಾಗಿದ್ದೇನೆ. ಅಮ್ಮನೂ ಆರಾಮ.

ನೀನು ಬರೆಯುವ ಮೊದಲೇ ವಿಷಯ ಗೊತ್ತಾಗಿತ್ತು. ಒಳ್ಳೆಯದಾಯಿತು. ಯಾರೋ ಹೊರಗಿನವಳು ಬಂದು ಕೂರುವುದಕ್ಕಿಂತ ಮನೆಯವಳೇ ಕೂರುವುದು ವಾಸಿ ಎಂದು ನಿನ್ನ ಭಾವ ಹೇಳಿದರು. ನಾನು ತಲೆಯಾಡಿಸಿದೆ. ಈಗ ನನ್ನ ಮಾತೆಲ್ಲ ತಲೆಯಾಡಿಸುವುದರಲ್ಲೇ ಮುಗಿಯುತ್ತದೆ.

ಸ್ಯಾಡ್ಲಿ ಎಂಬ ಪದ ಸಾಲಿನಲ್ಲಿ ಎಲ್ಲಿ ಕೂತಿದೆ ನೋಡು. ಮೊದಲಲ್ಲೇ ಬಂದು ಪಕ್ಕದಲ್ಲಿ ಕಾಮಾ ಹಾಕಿಸಿಕೊಂಡಿದ್ದರೆ ಬೇಸರ ಹೇಳುವವಳದ್ದು, ಮಾಡುವವನದ್ದಲ್ಲ. ಸ್ಯಾಡ್ಲಿ, ಅವನು ಹೊರಟುಹೋದ ಎಂದರೆ ಅವನು ಶಿಳ್ಳೆ ಹಾಕಿಕೊಂಡೇ ಹೋಗಿರಬಹುದು. ಅದೇ ಪದ ಸಾಲಿನ ಕೊನೆಯಲ್ಲಿ ಕೂತರೆ ದುಃಖ ಹೋದವನದ್ದು. ಬ್ರಾಕೆಟ್ಟಿನಲ್ಲಿ ಒಂದೇ ಇದ್ದರೆ ಆಡುವವಳದ್ದು. ಇಷ್ಟು ತಿಳಿದರೆ ಸಾಕು.

ಉದಾಹರಣೆ ಬೇಕಿದ್ದರೆ: ಸ್ಯಾಡ್ಲಿ, ನಾನು ಈ ವರ್ಷ ಸ್ಟುಡಿಯೋಗೆ ಬರುವಂತಿಲ್ಲ. ಇದರಲ್ಲಿ ಬೇಸರ ಯಾರದ್ದು ಎಂದು ನೀನೇ ಹುಡುಕಿಕೊ.

ಉಳಿದದ್ದಕ್ಕೆ ಡಿಕ್ಷನರಿ ಇದೆ.

ಅಕ್ಕ


ಜೂನ್ ೨೪

ಅಕ್ಕಾ,

ಡಿಕ್ಷನರಿ ನೋಡಿದೆ. ವಿಸ್ಟ್‌ಫುಲಿ: ದುಃಖದಿಂದ, ಹಂಬಲದಿಂದ. ಮೋರ್ನ್‌ಫುಲಿ: ದುಃಖದಿಂದ, ಶೋಕದಿಂದ. ಗ್ಲಮ್ಲಿ: ದುಃಖದಿಂದ, ಮ್ಲಾನವಾಗಿ. ಮೈಕಿನ ಮುಂದೆ ನಿಂತು ಮ್ಲಾನವಾಗಿ ಮಾತಾಡು ಅಂದರೆ ನಾನು ಏನು ಮಾಡಲಿ?

ನಿನ್ನೆ ಒಂದೇ ಮಾತು, "ಈ ಕಿಟಕಿ ಇನ್ನೂ ಹಾಗೇ ಇದೆ" ಎಂಬುದು. ವಿಸ್ಟ್‌ಫುಲಿ ಅಂತೆ. ಮೊದಲು ಅಳುತ್ತ ಆಡಿದೆ. ಮೇಷ್ಟ್ರು ಬೇಡ ಅಂದರು. ಆಮೇಲೆ ಮೆತ್ತಗೆ ಆಡಿದೆ. "ನಿದ್ದೆ ಬಂದಿರೋ ಹಾಗಿದೆ" ಅಂದರು. ನಿಟ್ಟುಸಿರು ಬಿಟ್ಟು ಆಡಿದರೆ ಗಾಜಿನ ಆಚೆಯಿಂದ ಕಿವಿಯಣ್ಣ, "ತಂಗೀ, ಮೈಕಿಗೆ ಬಿರುಗಾಳಿ ಬಡೀತು" ಅಂದ. ಸೌಂಡ್ ನೋಡಿಕೊಳ್ಳುವವನಿಗೆ ಅವನ ಆ ಎರಡು ದೊಡ್ಡ ಕಿವಿಗಳನ್ನು ನೋಡಿ ನೀನೇ ಇಟ್ಟ ಹೆಸರಲ್ಲವೇ? ಈಗ ಇಡೀ ಸ್ಟುಡಿಯೋ ಹಾಗೇ ಕರೆಯುತ್ತದೆ, ಅವನೂ ಓಗೊಡುತ್ತಾನೆ.

ಕೊನೆಗೆ ಮೇಷ್ಟ್ರು ಹೇಳಿದ್ದು ಏನು ಗೊತ್ತೇ? "ನಿಮ್ಮಕ್ಕ ಮಾಡ್ತಿದ್ಳಲ್ಲ, ಹಾಗೆ ಮಾಡು."

ನಾನು ಹುಟ್ಟಿದಂದಿನಿಂದ ಕೇಳುತ್ತಿರುವ ಮಾತು ಇದೊಂದೇ. ಅಕ್ಕನ ಹಾಗೆ ಓದು, ಅಕ್ಕನ ಹಾಗೆ ಕೂರು. ನೀನು ರೇಡಿಯೋದಲ್ಲಿ ಮಾತಾಡಿದ ದಿನ ಅಪ್ಪ ಬೀದಿಯವರನ್ನೆಲ್ಲ ಕರೆದು ಕೂರಿಸಿದ್ದರು. ನಾನು ಹಿಂದಿನಿಂದ ಕೀರಲು ದನಿಯಲ್ಲಿ ಏನೋ ಕೂಗಿದೆನೆಂದು "ಸುಮ್ಮನಿರೇ ಕೀರ್ಲೀ" ಎಂದು ಗದರಿದರು. ಆ ಹೆಸರು ಅಂಟಿಕೊಂಡದ್ದು ಆವತ್ತೇ. ನಿನಗೆ ನೆನಪಿರಲಿಕ್ಕಿಲ್ಲ. ನಿನ್ನ ದನಿಯಲ್ಲೇ ನೀನು ಮುಳುಗಿದ್ದೆ.

ಬೇಜಾರು ಮಾಡಿಕೊಳ್ಳಬೇಡ. ನನಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಗೊತ್ತಿದ್ದರೆ ನಿನ್ನನ್ನು ಕೇಳುತ್ತಿದ್ದೆನೇ?

ಕೀರ್ಲಿ


ಜುಲೈ ೮

ಕೀರ್ಲಿಗೆ,

ಹೋದ ಕಾಗದದಲ್ಲಿ ಹೇಳಿಕೊಡಲು ಮನಸ್ಸಿರಲಿಲ್ಲ. ಇವತ್ತೂ ಅಷ್ಟಾಗಿ ಇಲ್ಲ. ಆದರೆ ಡಾಕ್ಟರಮ್ಮ ಪ್ರತಿ ಸಂಜೆ ನನ್ನ ಮನೆಯ ಟಿವಿಯಲ್ಲೇ ಹಾಳಾಗುವುದನ್ನು ನೋಡಿಕೊಂಡು ಕೂರಲು ಆಗುವುದಿಲ್ಲ.

ವಿಸ್ಟ್‌ಫುಲಿ. ಸಂಜೆ ಬಸ್ಸಿನಲ್ಲಿ ಹೋಗುತ್ತಿರುತ್ತೀಯ. ಯಾರದೋ ಮನೆಯ ಕಿಟಕಿಯಲ್ಲಿ ದೀಪ ಹತ್ತಿದೆ, ಒಳಗೆ ಯಾರೋ ತಟ್ಟೆ ಜೋಡಿಸುತ್ತಿದ್ದಾರೆ. ಆ ಮನೆ ನಿನ್ನದಲ್ಲ, ನಿನಗೆ ಬೇಕಾಗಿಯೂ ಇಲ್ಲ, ಆದರೂ ಬಸ್ಸು ಮುಂದೆ ಹೋದಾಗ ಏನೋ ಕಳೆದ ಹಾಗಾಗುತ್ತದಲ್ಲ, ಅಷ್ಟೇ ದುಃಖ. ಮಾತಿನ ಕೊನೆಯನ್ನು ಕೆಳಗಿಳಿಸಬೇಡ. ಹಾಗೇ ಗಾಳಿಗೆ ಬಿಡು.

ರೂಫುಲಿ ಎಂದರೆ ತನ್ನ ತಪ್ಪಿಗೆ ತಾನೇ ನಗುವುದು. ಕೊಡೆ ಮನೆಯಲ್ಲೇ ಮರೆತು ತೊಪ್ಪೆಯಾಗಿ ಬಂದವಳು ಬಾಗಿಲಲ್ಲಿ ನಿಂತು ನಕ್ಕ ಹಾಗೆ. ಮೊದಲು ಮೂಗಿನಲ್ಲಿ ಅರ್ಧ ನಗು, ಆಮೇಲೆ ಮಾತು. ಗ್ಲಮ್ಲಿ ಮುಖ ಊದಿಸಿಕೊಂಡ ದುಃಖ, ಕೆಳತುಟಿಯಿಂದ ಆಡಬೇಕು. ಅದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ, ಹೈಸ್ಕೂಲು ಸೇರುವವರೆಗೆ ನೀನು ಆಡಿದ ಮಾತೆಲ್ಲ ಗ್ಲಮ್ಲಿಯೇ.

ಮೋರ್ನ್‌ಫುಲಿ ಸತ್ತವರಿಗೆ, ಇಲ್ಲವೇ ಸತ್ತಷ್ಟೇ ದೂರ ಹೋದವರಿಗೆ. ಮಾತು ಎಳೆಯಬೇಕು, ರಾಗವಾಗಬಾರದು. ಮುಂದೆ ಎಲ್ಲಾದರೂ ಡೋಲ್‌ಫುಲಿ ಬಂದರೆ ಹೆದರಬೇಡ, ಅದು ಮೋರ್ನ್‌ಫುಲಿಯ ತರಲೆ ತಮ್ಮ. ಊಟದ ತಟ್ಟೆಯನ್ನು ನೋಡುವ ನಾಯಿಯ ದುಃಖ. ಕೇಳುವವರಿಗೆ ನಗು ಬರಬೇಕು, ಆಡುವವರಿಗೆ ಬರಬಾರದು.

ಟಿಯರ್‌ಫುಲಿ ಎಂದು ಕಂಡ ಕೂಡಲೇ ಹೊಸಬರೆಲ್ಲ ಗೋಳೋ ಎನ್ನುತ್ತಾರೆ. ಹಾಗಲ್ಲ. ಎಲ್ಲಿ ಅಳು ಬಂದುಬಿಡುತ್ತದೋ ಎಂದು ಹೆದರಿ ಬೇಗಬೇಗ ಮಾತು ಮುಗಿಸುವುದು ಅದು. ಇನ್ನು ಮಿಸರಬ್ಲಿ ಫೇಲ್ಡ್ ಎಂದು ಬಂದರೆ ಅಳಲು ಹೋಗಬೇಡ. ಅಲ್ಲಿ ದುಃಖವಿಲ್ಲ, ಹೀನಾಯವಾಗಿ ಸೋತ ಎಂದಷ್ಟೇ ಅರ್ಥ.

ಅಮ್ಮನ ಸಂಗತಿ ಹೇಳಬೇಕು. ಈಚೆಗೆ ಅವಳ ಕಿವಿ ಮಂದವಾಗಿದೆ, ಮರೆವೂ ಹೆಚ್ಚಿದೆ. ಟಿವಿಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಮೊನ್ನೆ ನಾನು ಅವಳ ಕಾಲ ಬಳಿ ಬಟಾಣಿ ಬಿಡಿಸುತ್ತ ಕೂತಿದ್ದೆ. ಡಾಕ್ಟರಮ್ಮ ಮಾತು ಮುಗಿಸಿದಳು. ಅಮ್ಮ ನನ್ನ ತಲೆ ಸವರಿ, "ಎಷ್ಟು ಚೆನ್ನಾಗಿ ಮಾತಾಡಿದ್ದೀಯೇ! ಆಪರೇಷನ್ ಆದ್ಮೇಲೆ ನಿನ್ನ ದನಿ ಇನ್ನೂ ತಿಳಿಯಾಗಿದೆ" ಅಂದಳು.

ಅದು ನಾನಲ್ಲಮ್ಮ ಎಂದು ಹೇಳಲು ನನಗೆ ದನಿಯಿಲ್ಲ. ಸ್ಲೇಟು ಹಿಡಿದು ಬರೆದು ತೋರಿಸಬಹುದಿತ್ತು. ತೋರಿಸಲಿಲ್ಲ. ಹೌದೆಂದು ತಲೆಯಾಡಿಸಿದೆ. ಅಡುಗೆಮನೆಯ ಬಾಗಿಲಲ್ಲಿದ್ದ ನಿನ್ನ ಭಾವ ನೋಡಿದವರು ಮುಖ ತಿರುಗಿಸಿಕೊಂಡರು.

ಚೆನ್ನಾಗಿ ಮಾಡು.

ಅಕ್ಕ


ಜುಲೈ ೩೦

ಅಕ್ಕಾ,

ಬಂತು! ವಿಸ್ಟ್‌ಫುಲಿ ಬಂತು!

ಸಂಜೆ ಬೇಕೆಂತಲೇ ಒಂದು ಸ್ಟಾಪು ಮುಂಚೆ ಇಳಿದು ಕಿಟಕಿಗಳನ್ನು ನೋಡುತ್ತ ನಡೆದೆ. ಒಂದು ಮನೆಯವರು ಕಳ್ಳಿ ಎಂದುಕೊಂಡು ಪರದೆ ಎಳೆದರು. ಆ ಪರದೆ ಎಳೆದರಲ್ಲ, ಆಗ ಎದೆಯಲ್ಲಿ ಏನೋ ಒಂದು ಆಯಿತು, ಅದನ್ನೇ ಹಾಗೇ ಕಾಪಾಡಿಕೊಂಡು ಬಂದು ಬೆಳಿಗ್ಗೆ ಮೈಕಿನ ಮುಂದೆ ಇಟ್ಟೆ. ಒಂದೇ ಟೇಕು. ಕಿವಿಯಣ್ಣ ಗಾಜಿನ ಆಚೆ ಎದ್ದು ನಿಂತ.

ಮೇಷ್ಟ್ರು, "ಇದು ನಿಮ್ಮಕ್ಕನಿಗೂ ಆಗ್ತಿರಲಿಲ್ಲ ಕಣಮ್ಮ" ಅಂದರು.

ಬರೆಯಬಾರದೆಂದುಕೊಂಡಿದ್ದೆ. ಆದರೆ ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಹೇಳಿಕೊಟ್ಟವಳು ನೀನೇ ತಾನೇ. ನಿನ್ನ ಮೈಕು, ನಿನ್ನ ಸ್ಟೂಲು, ನೀನು ಬಿಸಿನೀರು ಇಡುತ್ತಿದ್ದ ಗೂಡು ಎಲ್ಲ ಹಾಗೇ ಇದೆ. ನಾನು ಯಾವುದನ್ನೂ ಸರಿಸಿಲ್ಲ.

ಬೇಗ ಬರೆ.

ನಿನ್ನ ಕೀರ್ಲಿ


ಸೆಪ್ಟೆಂಬರ್ ೨

ಅಕ್ಕನಿಗೆ ನಮಸ್ಕಾರ.

ಹೋದ ಕಾಗದಕ್ಕೆ ಉತ್ತರವಿಲ್ಲ, ಆಮೇಲಿನ ಎರಡು ಕಾರ್ಡಿಗೂ ಇಲ್ಲ. ಭಾವನನ್ನು ಕೇಳಿದರೆ "ಚೆನ್ನಾಗಿದ್ದಾಳೆ, ಏನೋ ಕೆಲಸದಲ್ಲಿದ್ದಾಳೆ" ಅನ್ನುತ್ತಾರೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ.

ಬರುವ ಇಪ್ಪತ್ತಕ್ಕೆ ಸೀರಿಯಲ್ಲಿನವರು ಒಂದು ಸಮಾರಂಭ ಇಟ್ಟುಕೊಂಡಿದ್ದಾರೆ. ದನಿ ಕೊಟ್ಟವರನ್ನೆಲ್ಲ ವೇದಿಕೆಗೆ ಕರೆಯುತ್ತಾರಂತೆ. ನೀನೂ ಬಾ. ನೀನಿಲ್ಲದೆ ಡಾಕ್ಟರಮ್ಮ ಎಲ್ಲಿ? ನನ್ನ ಜೊತೆ ನಿಂತರೆ ಸಾಕು, ಮಾತಾಡಬೇಕಾಗಿಲ್ಲ. ನಿನ್ನ ಪರವಾಗಿ ನಾನೇ ನಾಲ್ಕು ಮಾತು ಆಡುತ್ತೇನೆ.

ನೀನು ಸಂತೋಷದಿಂದ ಬರುತ್ತೀಯೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ಕೀರ್ಲಿ


ಸೆಪ್ಟೆಂಬರ್ ೧೧

ಕೀರ್ಲಿಗೆ,

ಯೂ ಆರ್ ಸ್ಯಾಡ್ಲಿ ಮಿಸ್ಟೇಕನ್. ಈ ಬಳಕೆಯನ್ನು ನಿನಗೆ ಹೇಳಿಕೊಟ್ಟಿರಲಿಲ್ಲ. ಇಲ್ಲಿ ಸ್ಯಾಡ್ಲಿಗೂ ದುಃಖಕ್ಕೂ ನೆಂಟಸ್ತಿಕೆಯಿಲ್ಲ. ನೀನು ಪೂರಾ ತಪ್ಪು ತಿಳಿದುಕೊಂಡಿದ್ದೀಯ ಎಂದು ಮೆಲ್ಲಗೆ ಚುಚ್ಚುವಾಗ ಬಳಸುವುದು.

ನಿನ್ನ ಸ್ಟುಡಿಯೋದವರಿಂದ ನನಗೂ ಒಂದು ಕಾಗದ ಬಂದಿತ್ತು, ಆಗಸ್ಟಿನಲ್ಲಿ. ಅನ್‌ಫಾರ್ಚುನೇಟ್ಲಿ ಎಂದು ಶುರುವಾಗಿ ನಿಮ್ಮ ಸೇವೆಗೆ ಋಣಿ ಎಂದು ಮುಗಿದಿತ್ತು. ಅನ್‌ಫಾರ್ಚುನೇಟ್ಲಿ ಆಫೀಸಿನವರ ಪದ. ಅದರಲ್ಲಿ ಒಂದು ಹನಿ ಕಣ್ಣೀರಿಲ್ಲ. ನನ್ನ ಜಾಗಕ್ಕೆ ನಿನ್ನನ್ನು ಕಾಯಂ ಮಾಡಿದ್ದಾರೆಂದು ಅದರಲ್ಲಿತ್ತು. ನಾನು ಬರುವವರೆಗೆ ಮಾತ್ರ ಎಂದು ನೀನು ಬರೆದಿದ್ದೆ. ಕಾಯಂ ಆದದ್ದನ್ನು ಬರೆಯಲಿಲ್ಲ. ಒಂದೇ ಟೇಕು ಎಂದು ಮಾತ್ರ ಬರೆದೆ.

ನನ್ನ ಪರವಾಗಿ ನೀನು ಮಾತಾಡುತ್ತೀಯಾ? ಈಗಾಗಲೇ ದಿನಾ ಸಂಜೆ ಮಾತಾಡುತ್ತಿದ್ದೀಯಲ್ಲ, ಸಾಲದೇ?

ಈಗ ಸೀರಿಯಲ್ಲಿನ ಹೊತ್ತಿಗೆ ನಾನು ಟಿವಿಯ ದನಿ ಪೂರ್ತಿ ಕಡಿಮೆ ಮಾಡಿಬಿಡುತ್ತೇನೆ. ಅಮ್ಮ ತನ್ನ ಕಿವಿಯೇ ಹೋಯಿತೆಂದು ಹೆದರಿ ಅತ್ತಳು. ಆಗಲೂ ನಾನು ಹೆಚ್ಚು ಮಾಡಲಿಲ್ಲ. ಡಾಕ್ಟರಮ್ಮನ ತುಟಿ ಆಡುವುದನ್ನು ನೋಡುತ್ತ ಮನಸ್ಸಿನಲ್ಲೇ ಮಾತು ಕೂರಿಸುತ್ತೇನೆ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. ನಿನಗಿಂತ ಚೆನ್ನಾಗಿ. ಹೌದು, ಹೊಟ್ಟೆಕಿಚ್ಚು. ಬೇರೆ ಹೆಸರಿಟ್ಟು ಕರೆಯಲು ನನಗೆ ಪುರುಸೊತ್ತಿಲ್ಲ. ಹೊರಗಿನವಳು ಬಂದು ಕೂತಿದ್ದರೆ ಒಂದು ದಿನ ಬೈದು ಸುಮ್ಮನಾಗುತ್ತಿದ್ದೆ. ನೀನು ಕೂತಿದ್ದೀಯ. ನಿನ್ನ ಗಂಟಲಲ್ಲಿ ಇರುವುದು ಅಪ್ಪ ಅಮ್ಮ ನನಗೆ ಕೊಟ್ಟ ದನಿಯೇ, ಅದೇ ಮನೆಯದು. ನಿನ್ನದು ಉಳಿಯಿತು, ನನ್ನದು ಹೋಯಿತು.

ಸಮಾರಂಭಕ್ಕೆ ಬರುವುದಿಲ್ಲ. ಈ ಸಾಲಿಗೆ ಮುಂದೆಯಾಗಲಿ ಹಿಂದೆಯಾಗಲಿ ಯಾವ ಪದವನ್ನೂ ಹಚ್ಚುವುದಿಲ್ಲ.

ಅಕ್ಕ


ನವೆಂಬರ್ ೨೦

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ಬರೆದು ಹರಿದದ್ದು ಬೇರೆ ಮಾತು.

ನೀನು ಹೇಳಿದ್ದು ನಿಜ. ಕಾಯಂ ಆದದ್ದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ. ಈಗಲೂ ಒಂದು ವಿಷಯ ಹೇಳಬೇಕಿದೆ, ಇದನ್ನಾದರೂ ನೀನು ನನ್ನಿಂದಲೇ ಕೇಳಬೇಕು. ಚಾನಲ್ಲಿನವರು ಸೀರಿಯಲ್ಲನ್ನು ಮೊದಲಿನಿಂದ ಮತ್ತೆ ಹಾಕುತ್ತಾರಂತೆ. ಅರ್ಧಕ್ಕೆ ದನಿ ಬದಲಾದರೆ ಜನಕ್ಕೆ ಕಸಿವಿಸಿ, ಪೂರ್ತಿ ಒಂದೇ ದನಿ ಇರಲಿ ಎಂದರು. ನೀನು ಆಡಿದ್ದನ್ನೆಲ್ಲ ನಾನು ಮತ್ತೆ ಆಡಬೇಕು. ಆಗ ನಿನ್ನದು ಎಲ್ಲಿಯೂ ಉಳಿಯುವುದಿಲ್ಲ.

ನಾನು ಒಪ್ಪಿಕೊಂಡೆ. ಕೆಲಸ ಶುರುವಾಗಿ ಮೂರು ವಾರವಾಯಿತು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಅಕ್ಕನ ಹಾಗೆ ಎನ್ನುವ ಮಾತು ಇನ್ನು ಯಾರ ಬಾಯಲ್ಲೂ ಬರುವುದಿಲ್ಲ ಎಂದು ಒಳಗೊಳಗೇ ಖುಷಿಯಾಗಿತ್ತು. ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಎಂದುಕೊಂಡಿದ್ದೀಯಾ?

ಆದರೆ ಈ ಕೆಲಸದ ರೀತಿ ನಿನಗೆ ಗೊತ್ತಲ್ಲ. ಪ್ರತಿ ಮಾತಿಗೂ ಮೊದಲು ಹಳೆಯ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿಸುತ್ತಾರೆ, ಆಮೇಲೆ ಅದರ ಮೇಲೆ ನಾನು ಆಡಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ನೀನು ನನ್ನ ಎರಡೂ ಕಿವಿಗಳ ನಡುವೆ ಇರುತ್ತೀಯ. ಮಾತಿಗೆ ಮೊದಲು ನೀನು ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಳ್ಳುವುದೂ ಕೇಳುತ್ತದೆ. ಚೆನ್ನಾಗಿ ಬಂದ ಮೇಲೆ ನೀನು ಮೆಲ್ಲಗೆ "ಹ್ಞೂಂ" ಅನ್ನುತ್ತೀಯ. ಅದನ್ನು ಟಿವಿಯಲ್ಲಿ ಯಾರೂ ಕೇಳಿಲ್ಲ. ಅದರ ಮೇಲೂ ನಾನು ಆಡಬೇಕು.

ಆ ರೈಲಿನ ಸೀನು ಬಂತು. ಮಗಳನ್ನು ಹತ್ತಿಸಿ ಡಾಕ್ಟರಮ್ಮ ಒಬ್ಬಳೇ ನಿಂತು, "ಹೋಗು ಮಗಳೇ, ನಂಗೇನೂ ಆಗಲ್ಲ" ಅನ್ನುತ್ತಾಳಲ್ಲ, ಜನ ಇವತ್ತಿಗೂ ನೆನಪಿಸಿಕೊಳ್ಳುವ ಮಾತು. ಬ್ರಾಕೆಟ್ಟಿನಲ್ಲಿ ಫಾರ್ಲಾರ್ನ್ಲಿ ಎಂದಿದೆ. ನನ್ನ ಕೈಲಿ ಆಗಲಿಲ್ಲ. ನಿನ್ನ ದನಿ ಕೇಳಿ ಹೆಡ್‌ಫೋನು ತೆಗೆದಿಟ್ಟೆ. ಇದೊಂದು ಸೀನು ಅಕ್ಕನ ದನಿಯಲ್ಲೇ ಇರಲಿ ಎಂದು ಹಟ ಹಿಡಿದೆ. ಮೇಷ್ಟ್ರು ಗೊಣಗಿ ಗೊಣಗಿ ಒಪ್ಪಿದ್ದಾರೆ.

ಬೈಯುವುದಿದ್ದರೆ ಬೈ. ಉತ್ತರ ಮಾತ್ರ ಬರೆ.

ಕೀರ್ಲಿ


ನವೆಂಬರ್ ೨೭

ಕೀರ್ಲಿಗೆ,

ನಿನ್ನ ಕಾಗದ ಓದಿದ ಮೇಲೆ ನನಗೆ ಡಾಕ್ಟರಮ್ಮನ ಮೇಲೆ ಆಸೆ ಹೋಯಿತು. ಈಗ ನಿನ್ನ ಕಿವಿಯ ಮೇಲೆ ಹೊಟ್ಟೆಕಿಚ್ಚು. ನನ್ನ ದನಿಯನ್ನು ನೀನು ದಿನವಿಡೀ ಕೇಳುತ್ತೀಯ. ನನ್ನ ಹತ್ತಿರ ಒಂದು ಮಾತೂ ಇಲ್ಲ. ದನಿ ಕೊಟ್ಟವರು ಯಾರು ತಮ್ಮದನ್ನು ಕೂಡಿಟ್ಟುಕೊಳ್ಳುತ್ತಾರೆ? ನಾಳೆಯೂ ಗಂಟಲು ಇರುತ್ತದೆ ಎಂದುಕೊಂಡಿರುತ್ತೇವೆ.

ಬರುವ ಮಂಗಳವಾರ ಬರುತ್ತೇನೆ. ಆ ರೈಲಿನ ಸೀನು ನನಗೆ ಕೇಳಿಸಲು ಕಿವಿಯಣ್ಣನಿಗೆ ಹೇಳು. ಕೇಳುವಾಗ ನೀನು ಕೋಣೆಯಲ್ಲಿ ಇರಬೇಡ. ನಿನ್ನ ಮುಖ ನೋಡಿಕೊಂಡು ಕೇಳಲು ನನ್ನಿಂದಾಗದು.

ಅಕ್ಕ


ಡಿಸೆಂಬರ್ ೯

ಕೀರ್ಲಿ,

ಮನೆ ಸೇರಿದೆ. ಬಸ್ ಸ್ಟ್ಯಾಂಡಿನಲ್ಲಿ ನೀನು ಏನೂ ಕೇಳಲಿಲ್ಲ, ನಾನೂ ಸ್ಲೇಟು ತೆಗೆಯಲಿಲ್ಲ. ನಿನ್ನನ್ನು ಚಹಾ ತರಲು ಕಳಿಸಿದ ಮೇಲೆ ಸ್ಟುಡಿಯೋದೊಳಗೆ ಏನಾಯಿತೆಂದು ಈಗ ಹೇಳುತ್ತೇನೆ.

ಕಿವಿಯಣ್ಣ ಹೆಡ್‌ಫೋನನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟ. ಪರದೆಯ ಮೇಲೆ ರೈಲು ಅಲುಗಿತು. ನನ್ನ ದನಿ ಬಂತು. ಕೀರ್ಲಿ, ಎಂಥ ದನಿ ಕಣೇ ನನ್ನದು! ನನ್ನದೇ ಎಂಬುದನ್ನು ಮರೆತು ಮೆಚ್ಚಿಕೊಂಡೆ. ಮೇಜಿನ ತುದಿ ಹಿಡಿದುಕೊಂಡು ಕೂತಿದ್ದೆ. ಕಿವಿಯಣ್ಣ ಪಾಪ, ಗೋಡೆಯ ಕಡೆ ನೋಡುತ್ತ ಕೂತಿದ್ದ.

ಮತ್ತೊಮ್ಮೆ ಹಾಕಲು ಸನ್ನೆ ಮಾಡಿದೆ. ಎರಡನೇ ಸಲ ಕೇಳಿದ್ದು ಕೆಲಸದವಳ ಕಿವಿಯಿಂದ. ಆಗ ಗೊತ್ತಾಯಿತು, ನಾನು ಅಲ್ಲಿ ಅತ್ತುಬಿಟ್ಟಿದ್ದೇನೆ. ನಂಗೇನೂ ಆಗಲ್ಲ ಎನ್ನುವಾಗ ಸೊಗಸಾಗಿ, ಎಲ್ಲರ ಎದೆಗೂ ತಾಗುವಂತೆ, ದನಿ ನಡುಗಿಸಿದ್ದೇನೆ. ಫಾರ್ಲಾರ್ನ್ಲಿ ಎಂದರೆ ಅದಲ್ಲ. ಅದು ಕೇಳುವವರೇ ಇಲ್ಲದವಳ ದುಃಖ. ಕೇಳುವವರಿಲ್ಲದ ಕಡೆ ಯಾರು ಅಷ್ಟು ಚೆನ್ನಾಗಿ ಅಳುತ್ತಾರೆ? ಈ ಆರು ತಿಂಗಳು ಮಾತಿಲ್ಲದೆ ಕೂತ ಮೇಲೆ ನನಗೆ ಅದು ತಿಳಿಯಿತು. ದನಿ ಇದ್ದಾಗ ತಿಳಿದಿರಲಿಲ್ಲ. ತಿಳಿದಿರದಿದ್ದರೂ ಜನ ಚಪ್ಪಾಳೆ ತಟ್ಟಿದರು, ನಾನೂ ಬೀಗಿದೆ.

ಆಮೇಲೆ ತಂಗಿ ಮಾಡಿದ್ದು ಯಾವುದಾದರೂ ಹಾಕು ಎಂದು ಸ್ಲೇಟಿನಲ್ಲಿ ಬರೆದೆ. ಡಾಕ್ಟರಮ್ಮ ಆಸ್ಪತ್ರೆ ಮುಚ್ಚಿ ಹೊರಡುವ ಸೀನು ಹಾಕಿದ. ನಾನು ಟಿವಿಯ ದನಿ ಅಡಗಿಸಿಟ್ಟಿದ್ದ ದಿನಗಳಲ್ಲಿ ಬಂದದ್ದು, ಕೇಳಿರಲಿಲ್ಲ. "ದೀಪ ಎಲ್ಲಾ ಆರಿಸಿದ್ದೀರಾ?" ಎಂದು ನರ್ಸನ್ನು ಕೇಳುತ್ತೀಯ. ನೀನು ಅಲ್ಲಿ ಏನೂ ಮಾಡಿಲ್ಲ. ನಡುಗಿಲ್ಲ, ಎಳೆದಿಲ್ಲ. ದೀಪ ಆರಿಸಿದ್ದಾರೋ ಇಲ್ಲವೋ ಎಂದು ತಿಳಿಯಬೇಕಾದವಳ ಹಾಗೆ ಕೇಳಿದ್ದೀಯ, ಅಷ್ಟೇ. ನನ್ನ ಹೊಟ್ಟೆಯೊಳಗೆ ಕೆಂಡ ಬಿತ್ತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನನಗೆ ಗೊತ್ತಿದ್ದರೆ ತಾನೇ ಹೇಳಿಕೊಡುವುದು?

ಕಿವಿಯಣ್ಣ ನನ್ನ ಮಾತುಗಳನ್ನೆಲ್ಲ ಒಂದು ಡಿಸ್ಕಿಗೆ ಹಾಕಿಕೊಡುತ್ತೇನೆಂದ. "ತಗೊಂಡ್ಹೋಗಕ್ಕ, ಯಾರೂ ಏನೂ ಅನ್ನಲ್ಲ" ಅಂದ. ಬೇಡವೆಂದೆ. ಮನೆಯಲ್ಲಿದ್ದರೆ ದಿನಾ ಕೇಳುತ್ತೇನೆ, ಆಮೇಲೆ ಈಗ ಉಳಿದಿರುವ ದನಿಯಲ್ಲಿ ಒಂದು ಮಾತೂ ಆಡುವುದಿಲ್ಲ. ಡಾಕ್ಟರು ಸ್ವಲ್ಪಸ್ವಲ್ಪ ಮಾತಾಡಿ ನೋಡಿ ಎಂದು ಹೇಳಿ ತಿಂಗಳಾಯಿತು. ಯಾರಿಗೂ ಹೇಳಿಲ್ಲ. ಆಡಿಯೂ ಇಲ್ಲ.

ರೈಲಿನ ಸೀನನ್ನೂ ನೀನೇ ಮಾಡು. ಕನಿಕರಕ್ಕೆ ನನ್ನನ್ನು ಅಲ್ಲೊಂದು ಮೂಲೆಯಲ್ಲಿ ಉಳಿಸಬೇಡ. ಕೆಟ್ಟ ಕೆಲಸ ಉಳಿಯಬಾರದು, ನನ್ನದಾದರೂ ಸರಿಯೆ. ನೀನು ಚೆನ್ನಾಗಿ ಮಾಡುತ್ತೀಯೆಂದು ಗೊತ್ತು. ಗೊತ್ತಿರುವುದಕ್ಕೇ ಸಂಕಟ.

ಅಮ್ಮನಿಗೆ ನಿನ್ನೆ ಸ್ಲೇಟಿನಲ್ಲಿ ಬರೆದು ತೋರಿಸಿದೆ, ಡಾಕ್ಟರಮ್ಮನ ದನಿ ನನ್ನದಲ್ಲ, ಚಿಕ್ಕವಳದ್ದು ಎಂದು. ಎರಡು ಸಲ ಓದಿದಳು. "ಅಯ್ಯೋ, ನಮ್ಮ ಕೀರ್ಲಿಯಾ?" ಅಂದಳು. ನಿನ್ನ ಹೆಸರು ಹೇಳುವಾಗ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಅದೂ ಸ್ವಲ್ಪ ಉರಿಯಿತು. ಇರಲಿ.

ನಿನ್ನ ಅಕ್ಕ


ಜನವರಿ ೧೮

ಅಕ್ಕಾ,

ರೈಲಿನ ಸೀನು ಮುಗಿಸಿದೆನೆಂದು ಹಿಂದೆಯೇ ಚುಟುಕಾಗಿ ಒಂದು ಕಾರ್ಡು ಹಾಕಿದ್ದೆ. ಹೇಗೆ ಬಂತೆಂದು ಬರೆಯಲಿಲ್ಲ, ನೀನೇ ಕೇಳಿ ಹೇಳಲಿ ಎಂದು. ಈ ಭಾನುವಾರ ಅದು ಟಿವಿಯಲ್ಲಿ ಬಂತು. ಸೋಮವಾರ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಗ ಫೋನು ಬಂತು. ಎಣ್ಣೆ ಕೈ, ನಂಬರು ನೋಡದೆ ಮೊಣಕೈಯಿಂದ ಒತ್ತಿದೆ. ಆ ಕಡೆಯಿಂದ ಯಾರೋ ಗಂಡಸು, ವಯಸ್ಸಾದವರು, ಕಲ್ಲಿನ ಮೇಲೆ ಕಲ್ಲು ಎಳೆದ ಹಾಗೆ, "ಇದ್ದೀಯೇನೇ?" ಅಂದರು.

ನಾನು, "ಯಾರು ಬೇಕಿತ್ರೀ?" ಅಂದೆ.

ಅದೇ ದನಿ, "ನನ್ನ ತಂಗಿ ಬೇಕಿತ್ತು. ಸೊಕ್ಕು ಬಂದಿದೆ ಅವಳಿಗೆ, ಇದ್ರೆ ಕರೀರಿ" ಅಂತು.

ಅಳುವುದೋ ನಗುವುದೋ ಗೊತ್ತಾಗಲಿಲ್ಲ, ಎಣ್ಣೆ ಕೈಯಲ್ಲೇ ಮುಖ ಒರೆಸಿಕೊಂಡೆ. ನೀನು ಹೆಚ್ಚು ಮಾತಾಡಲಿಲ್ಲ. "ಚೆನ್ನಾಗಿತ್ತು" ಅಂದೆ. "ರೈಲು ಹೋದ ಮೇಲೆ ಉಸಿರು ಸ್ವಲ್ಪ ಜಾಸ್ತಿ ಬಿಟ್ಟೆ" ಅಂದೆ. ಅದು ಹೊಟ್ಟೆಕಿಚ್ಚೋ ನಿಜವೋ ಎಂದು ಮತ್ತೆ ಹಾಕಿಸಿ ಕೇಳಿದೆ. ನಿಜ.

ಈಗ ನನ್ನದು ಕೇಳು. ಮೇಷ್ಟ್ರು ಹೊಸ ಸೀರಿಯಲ್ಲು ಹಿಡಿದಿದ್ದಾರೆ. ಅದರಲ್ಲಿ ಒಬ್ಬಳು ಮುದುಕಿ, ಅರ್ಧ ಆಯಸ್ಸು ಜೈಲಿನಲ್ಲಿ ಕಳೆದು ಬಂದವಳು. ಮಾತು ಬಹಳ ಕಡಿಮೆ, ಒಂದೊಂದು ಕಂತಿಗೆ ನಾಲ್ಕೈದು ಸಾಲು. ಬ್ರಾಕೆಟ್ಟಿನಲ್ಲಿ ಏನೂ ಬರೆದಿಲ್ಲ. ಬಂದವರನ್ನೆಲ್ಲ ಮೈಕಿನ ಮುಂದೆ ನಿಲ್ಲಿಸಿ ನೋಡಿದರು, ಯಾರೂ ಆಗಲಿಲ್ಲ. ನಾನೂ ಗಂಟಲು ಕೆರೆದುಕೊಂಡು ಆಡಿ ನೋಡಿದೆ. "ಶೀತ ಆಗಿರೋ ಹುಡುಗಿ ಥರ ಇದೆ" ಎಂದು ಎಲ್ಲರೆದುರಿಗೇ ನಕ್ಕರು.

ಸೋಮವಾರ ಫೋನು ಇಟ್ಟ ಕೂಡಲೇ ಗೊತ್ತಾಯಿತು, ಆ ಮುದುಕಿ ನಿನ್ನ ಗಂಟಲಿನಲ್ಲಿ ಬಂದು ಕೂತಿದ್ದಾಳೆ. "ಇದ್ದೀಯೇನೇ" ಎಂದು ನೀನು ಅಂದದ್ದಕ್ಕೆ ಯಾವ ಹೆಸರೂ ಬೇಕಿರಲಿಲ್ಲ. ನಾನು ಹತ್ತು ವರ್ಷ ಕಿಟಕಿಗಳನ್ನು ನೋಡಿಕೊಂಡು ಅಲೆದರೂ ಅದು ನನಗೆ ಬರುವುದಿಲ್ಲ. ಎಷ್ಟು ಉರಿಯಿತೆಂದರೆ ಮೇಷ್ಟ್ರಿಗೆ ಹೇಳಲೇ ಇಲ್ಲ. ಮಂಗಳವಾರ ಹೇಳಲಿಲ್ಲ. ನಿನ್ನೆಯೂ ಅವರು ಮುದುಕಿ ಎಲ್ಲಿ ಸಿಗ್ತಾಳೋ ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರು, ನಾನು ಎದುರಿಗೇ ಕೂತು ಚಹಾ ಕುಡಿದು ಎದ್ದು ಬಂದೆ.

ಇವತ್ತು ಹೇಳಿದೆ. ಬರುವ ಗುರುವಾರ ಕರೆಸು ಅಂದಿದ್ದಾರೆ. ಕಿವಿಯಣ್ಣ ಆಗಲೇ ಎಲ್ಲರಿಗೂ ಸಾರಿ ಬಂದ.

ಬರುತ್ತೀಯಾ ಎಂದು ಕೇಳುವುದಿಲ್ಲ. ಬಾ. ನೀನು ಕೋಣೆಯೊಳಗೆ ಆಡುವಾಗ ಈ ಸಲ ನನ್ನನ್ನು ಚಹಾಕ್ಕೆ ಕಳಿಸಬೇಡ. ಗಾಜಿನ ಆಚೆ ಕೂತು, ಎಷ್ಟೇ ಉರಿದರೂ, ಪೂರ್ತಿ ಕೇಳುತ್ತೇನೆ.

ನಿನ್ನ ತಂಗಿ